ಗದ್ದೆ, ಹೊಳೆ, ಗುಡ್ಡ ನೋಡ್ಲಿಕ್ಕೆ ಯಾವ ಸ್ಯಾಟಲೈಟ್ ಚಿತ್ರ ಒಳ್ಳೇದು? ಡ್ರೋನ್ ಬೇಕಾ?

ಈ ಸಲ ಮಳೆ ಮುಗಿದ ಮೇಲೆ ನಾಲ್ಕು ಜನ ನನ್ನ ಹತ್ರ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದ್ರು. ಬ್ರಹ್ಮಾವರ ಕಡೆಯವರೊಬ್ಬರದ್ದು ಹೊಳೆಬದಿ ಗದ್ದೆ, ಉಪ್ಪುನೀರು ಎಲ್ಲಿವರೆಗೆ ಹತ್ತಿದೆ ಅಂತ ಮ್ಯಾಪ್ ಮಾಡ್ಬೇಕಂತೆ. ಬಂಟ್ವಾಳ ತಾಲೂಕಿನ ಪಂಚಾಯತ್ ಮೆಂಬರ್ ಅಕ್ಕ ಒಬ್ರಿಗೆ ಅವರ ವಾರ್ಡಿನ ಕೆಂಪು ಕಲ್ಲಿನ ಕೋರೆ ಐದಾರು ವರ್ಷದಲ್ಲಿ ಎಷ್ಟು ಹಬ್ಬಿದೆ ಅಂತ ಲೆಕ್ಕ ಬೇಕು. ಉಳ್ಳಾಲದ ಬದಿಯ ಒಬ್ಬ ಕಾಲೇಜು ಹುಡುಗನದ್ದು ಕಡಲ್ಕೊರೆತದ ಪ್ರಾಜೆಕ್ಟ್. ಮತ್ತೆ ನಮ್ಮ ಸಂಬಂಧದಲ್ಲಿ ಮಾವ ಒಬ್ರು, ಪುತ್ತೂರು ಕಡೆ ಅಡಿಕೆ ತೋಟ, "ಡ್ರೋನ್ ತೆಗೊಳ್ಳುದಾ, ಇಲ್ಲ ಈ ಫ್ರೀ ಸ್ಯಾಟಲೈಟ್ ಉಂಟಂತಲ್ಲ, ಅದು ಸಾಕಾ ಮಾರಾಯಾ" ಅಂತ ಕೇಳಿದ್ರು. ನಾಲ್ಕು ಜನರಿಗೂ ನಾಲ್ಕು ಬೇರೆ ಉತ್ತರ ಕೊಟ್ಟೆ. ಪ್ರತಿ ಸಲ ಫೋನಲ್ಲಿ ಅರ್ಧಂಬರ್ಧ ಹೇಳುದಕ್ಕಿಂತ ಒಮ್ಮೆ ಸರಿಯಾಗಿ ಬರೆದಿಡುವ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತಲ್ಲಿ ಓದಿ.

ಒಂದು ಮಾತು ಮೊದಲೇ ಹೇಳ್ತೇನೆ. ಎಲ್ರೂ ಮೊದಲು ಕೇಳುದು "ಎಷ್ಟು ಕ್ಲಿಯರ್ ಉಂಟು, ಮನೆ ಕಾಣ್ತದಾ, ಮರ ಕಾಣ್ತದಾ" ಅಂತ. ನಮ್ಮ ಕರಾವಳಿಯಲ್ಲಿ ಮೊದಲು ಕೇಳ್ಬೇಕಾದ್ದು ಅದಲ್ಲ, ನಿಮಗೆ ಬೇಕಾದ ಚಿತ್ರ ಯಾವ ತಿಂಗಳದ್ದು ಅಂತ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬರ್ತದೆ, ಅದರಲ್ಲಿ ಬಹುಪಾಲು ಜೂನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಎಷ್ಟು ದುಡ್ಡಿನ ಕ್ಯಾಮರಾ ಮೇಲೆ ಹಾರಿದ್ರೂ ಕಾಣುದು ಮೋಡದ ಬೆನ್ನು ಮಾತ್ರ. ಬಯಲುಸೀಮೆಯವರು ಬರೆದ ಗೈಡ್ ನೋಡಿ ಇಲ್ಲಿ ಕೆಲಸ ಶುರು ಮಾಡಿದವರು ಹೆಚ್ಚಾಗಿ ಎಡವುದು ಇಲ್ಲೇ.

ಆಯ್ಕೆಗೆ ಮುಂಚೆ ಕೇಳಿಕೊಳ್ಳಬೇಕಾದ್ದು

ತಿಂಗಳು ಆಯ್ತು. ಎರಡನೇದು, ನೀವು ನೋಡ್ಬೇಕಾದ ಜಾಗ ಎಷ್ಟು ದೊಡ್ಡದು. ಇದನ್ನು ಮೀಟರಲ್ಲಿ ಹೇಳಿದ್ರೆ ನಮ್ಮವರಿಗೆ ತಲೆಗೆ ಹೋಗುದಿಲ್ಲ, ಹಾಗಾಗಿ ನಾನು ಯಾವಾಗ್ಲೂ ಸೆಂಟ್ಸಿಗೆ ತರ್ತೇನೆ. ಚಿತ್ರ ಅಂದ್ರೆ ಚೌಕ ಚೌಕ ಪಿಕ್ಸೆಲ್ ಅಲ್ವಾ, ಒಂದು ಸೆಂಟ್ ಅಂದ್ರೆ ಸುಮಾರು 40.5 ಚದರ ಮೀಟರು. ಸೆಂಟಿನೆಲ್-2 ಅಂತ ಯುರೋಪಿನವರ ಸ್ಯಾಟಲೈಟ್ ಉಂಟು, ಅದರ 10 ಮೀಟರಿನ ಒಂದು ಪಿಕ್ಸೆಲ್ ಅಂದ್ರೆ ಎರಡೂವರೆ ಸೆಂಟ್ಸ್ ಜಾಗ. ಅಮೆರಿಕದ ಲ್ಯಾಂಡ್‌ಸ್ಯಾಟ್‌ನ 30 ಮೀಟರಿನದ್ದು 22 ಸೆಂಟ್ಸ್, ನಮ್ಮ ಇಸ್ರೋದ ಲಿಸ್-3 ಕ್ಯಾಮರಾದ್ದು ಸುಮಾರು ಹದಿಮೂರೂವರೆ ಸೆಂಟ್ಸ್, ಲಿಸ್-4 ಆದ್ರೆ ಒಂದು ಸೆಂಟಿಗೂ ಸ್ವಲ್ಪ ಕಡಿಮೆ. ಒಂದು ಪಿಕ್ಸೆಲ್ ಒಳಗೆ ಇದ್ದದ್ದೆಲ್ಲ ಕಲಸಿ ಒಂದೇ ಬಣ್ಣ ಆಗಿ ಬರ್ತದೆ. ಹಾಗಾಗಿ ವಿಸ್ತೀರ್ಣ ನಂಬಿಕೆಯಿಂದ ಹೇಳ್ಬೇಕಾದ್ರೆ ಕಡಿಮೆ ಅಂದ್ರೂ ಇಪ್ಪತ್ತೈದು ಪಿಕ್ಸೆಲ್ ಆದ್ರೂ ಇರ್ಬೇಕು ಅಂತ ನಾನು ಇಟ್ಕೊಂಡ ಲೆಕ್ಕ. ಸೆಂಟಿನೆಲ್‌ನಲ್ಲಿ ಅದು ಅರುವತ್ತು ಸೆಂಟ್ಸ್ ಆಯ್ತು, ಲ್ಯಾಂಡ್‌ಸ್ಯಾಟಲ್ಲಿ ಐದೂವರೆ ಎಕರೆ.

ಇದು ಎಷ್ಟು ಮುಖ್ಯ ಅಂತ ಕೋರೆಯ ಉದಾಹರಣೆಯಲ್ಲಿ ಹೇಳ್ತೇನೆ. ನಲ್ವತ್ತು ಸೆಂಟ್ಸಿನ ಒಂದು ಕೋರೆ ಅಂದ್ರೆ ಹೆಚ್ಚುಕಮ್ಮಿ 40 ಮೀಟರು ಉದ್ದ 40 ಮೀಟರು ಅಗಲ. ಸೆಂಟಿನೆಲ್ ಚಿತ್ರದಲ್ಲಿ ಅದು ನಾಲ್ಕು ನಾಲ್ಕಲಿ ಹದಿನಾರು ಪಿಕ್ಸೆಲ್. ಅದರಲ್ಲಿ ಹನ್ನೆರಡು ಅಂಚಿನಲ್ಲೇ ಬಂತು, ಅಂದ್ರೆ ಅರ್ಧ ಕೋರೆ, ಅರ್ಧ ಪಕ್ಕದ ಗೇರು ಗುಡ್ಡೆ. ಕೋರೆ ಇದೆ ಅಂತ ಖಂಡಿತ ಹೇಳ್ಬಹುದು, ಹಬ್ಬುತ್ತಾ ಉಂಟು ಅಂತಲೂ ಹೇಳ್ಬಹುದು, ಆದ್ರೆ "38 ಸೆಂಟ್ಸ್ ಇದ್ದದ್ದು 43 ಆಗಿದೆ" ಅಂತ ಅದರಿಂದ ಬರೆದ್ರೆ ಯಾರಾದ್ರೂ ಟೇಪ್ ಹಿಡ್ಕೊಂಡು ಬಂದಾಗ ನಿಮ್ಮ ಮಾತು ನಿಲ್ಲುದಿಲ್ಲ.

ಮೂರನೇದು ಎಷ್ಟು ವರ್ಷ ಹಿಂದೆ ಹೋಗ್ಬೇಕು. ನಾಲ್ಕನೇದು ಕಣ್ಣಿಗೆ ಕಾಣುವ ಬಣ್ಣ ಸಾಕಾ, ಇಲ್ಲ ಕಾಣದ ಬೆಳಕೂ ಬೇಕಾ, ಯಾಕಂದ್ರೆ ಗಿಡದ ಹಸಿರು ಎಷ್ಟು ಗಟ್ಟಿ ಉಂಟು ಅಂತ ಗೊತ್ತಾಗುದು ನಿಯರ್ ಇನ್‌ಫ್ರಾರೆಡ್‌ನಲ್ಲಿ, ನೀರು ಮತ್ತು ಒದ್ದೆ ಮಣ್ಣು ಚೆನ್ನಾಗಿ ಬಿಡಿಸಿ ಕಾಣುದು ಶಾರ್ಟ್‌ವೇವ್ ಇನ್‌ಫ್ರಾರೆಡ್‌ನಲ್ಲಿ. ಕೊನೇದು ದುಡ್ಡು, ಇಂಟರ್ನೆಟ್, ಮತ್ತೆ ಯಾರಿಗೆ ತೋರಿಸ್ಲಿಕ್ಕೆ. ತಹಶೀಲ್ದಾರರಿಗೆ ಕೊಡುವ ಅರ್ಜಿಗೆ ಹಾಕುದು ಬೇರೆ, ನಿಮ್ಮದೇ ತೋಟಕ್ಕೆ ಎಲ್ಲಿ ನೀರು ಕಡಿಮೆ ಬೀಳ್ತದೆ ಅಂತ ನೋಡುದು ಬೇರೆ.

ಈಗ ಒಂದೊಂದೇ ನೋಡುವ.

ಗೂಗಲ್ ಅರ್ತ್ ಪ್ರೊ

ಎಲ್ರೂ ಇಲ್ಲಿಂದಲೇ ಶುರು ಮಾಡಿ, ಖರ್ಚಿಲ್ಲ, 2015ರಿಂದ ಪ್ರೊ ಕೂಡ ಫ್ರೀ. ಕಂಪ್ಯೂಟರಿಗೆ ಹಾಕುವ ವರ್ಶನ್ ತೆಗೊಳ್ಳಿ, ಅದರಲ್ಲಿ ಗಡಿಯಾರದ ಚಿಹ್ನೆ ಒತ್ತಿದ್ರೆ ಹಳೇ ಚಿತ್ರಗಳು ವರ್ಷವಾರು ಬರ್ತವೆ, ಮನೆ, ರಸ್ತೆ, ಬಾವಿಕಟ್ಟೆ ಎಲ್ಲ ಗುರುತು ಸಿಗ್ತದೆ. ಕೋರೆಯ ಅಂಚು ಬೆರಳಿಟ್ಟ ಹಾಗೆ ಗುರುತು ಮಾಡಿ ವಿಸ್ತೀರ್ಣ ತೆಗೀಬಹುದು, ಆ ಕೆಲಸಕ್ಕೆ ಇದು ಸೆಂಟಿನೆಲ್‌ಗಿಂತ ಒಳ್ಳೇದು.

ತೊಂದರೆ ಎಂತ ಅಂದ್ರೆ ಯಾವ ದಿನದ ಚಿತ್ರ ಸಿಗ್ತದೆ ಅಂತ ನಮ್ಮ ಕೈಯಲ್ಲಿಲ್ಲ. ಕೆಲವು ಊರಿಗೆ ವರ್ಷಕ್ಕೆ ಮೂರ್ನಾಲ್ಕು ಸಿಗ್ತದೆ, ಘಟ್ಟದ ಬುಡದ ಊರಿಗೆ ಎರಡು ಮೂರು ವರ್ಷಕ್ಕೆ ಒಂದು. ಮತ್ತೆ ಅದು ಬರೀ ಫೋಟೋ, ಇನ್‌ಫ್ರಾರೆಡ್ ಇಲ್ಲ, ಹಾಗಾಗಿ ಬೆಳೆಯ ಆರೋಗ್ಯ ಅಳೆಯುದು ಅದರಿಂದ ಆಗುದಿಲ್ಲ. ಇನ್ನೊಂದು, ಬೇರೆ ಬೇರೆ ವರ್ಷದ ಚಿತ್ರಗಳು ಕೆಲವು ಮೀಟರು ಅತ್ತಿತ್ತ ಸರಿದಿರ್ತವೆ. ಬದಲಾಗದ ಒಂದು ಗುರುತು, ದೇವಸ್ಥಾನದ ಮಾಡಿನ ಮೂಲೆ ಅಥವಾ ಸಂಕದ ತುದಿ, ಎರಡೂ ಚಿತ್ರದಲ್ಲಿ ಒಂದೇ ಕಡೆ ಉಂಟಾ ಅಂತ ನೋಡದೆ ಕಡಲಿನ ಅಂಚು ಹೋಲಿಸ್ಲಿಕ್ಕೆ ಹೋಗ್ಬೇಡಿ.

ಸೆಂಟಿನೆಲ್-2

ಒಂದನ್ನೇ ಕಲಿಯುದಾದ್ರೆ ಇದನ್ನು ಕಲಿಯಿರಿ ಅಂತ ನಾನು ಹೇಳುದು. 2015ರಲ್ಲಿ ಮೊದಲನೇದು ಹೋಯ್ತು, 2017ರಲ್ಲಿ ಎರಡನೇದು, ಆಮೇಲಿಂದ ಐದು ದಿನಕ್ಕೊಮ್ಮೆ ನಮ್ಮ ಮೇಲೆ ಬರ್ತದೆ, ಬೆಳಿಗ್ಗೆ ಸುಮಾರು ಹನ್ನೊಂದು ಗಂಟೆ ಹೊತ್ತಿಗೆ. 13 ಬ್ಯಾಂಡು, ಅಂದ್ರೆ ಕಾಣುವ ಕಾಣದ ಬೆಳಕಿನ 13 ಬೇರೆ ಬೇರೆ ಪಾಲು, ಅದರಲ್ಲಿ ನಾಲ್ಕು 10 ಮೀಟರಿನದ್ದು. ಕೊಪರ್ನಿಕಸ್ ಬ್ರೌಸರ್ ಅಂತ ವೆಬ್‌ಸೈಟ್ ಉಂಟು, ಫ್ರೀ ಅಕೌಂಟ್ ಮಾಡಿ ತಾರೀಕು ಹಾಕಿದ್ರೆ ಸಾಕು, ಎನ್‌ಡಿವಿಐ ಅಂದ್ರೆ ಹಸಿರಿನ ಸೂಚ್ಯಂಕ ಅದೇ ತೆಗೆದು ಕೊಡ್ತದೆ. ಇಡೀ ಫೈಲ್ ಇಳಿಸ್ಲಿಕ್ಕೆ ಹೋದ್ರೆ ಒಂದೊಂದು ಒಂದು ಜಿಬಿ ಹತ್ರ ಆಗ್ತದೆ, ಮೊಬೈಲ್ ಹಾಟ್‌ಸ್ಪಾಟಲ್ಲಿ ಕೂತವರು ಅದಕ್ಕೆ ಹೋಗ್ಬೇಡಿ, ಬ್ರೌಸರಲ್ಲೇ ನಿಮ್ಮ ಜಾಗ ಕತ್ತರಿಸಿ ಅಷ್ಟೇ ಇಳಿಸಿ.

ನಮ್ಮ ಕಡೆ ಇದರಿಂದ ಎಂತೆಲ್ಲ ಆಗ್ತದೆ ಅಂದ್ರೆ, ತುಂಬೆ ಕಿಂಡಿ ಅಣೆಕಟ್ಟಿನ ಹಿಂದೆ ನೀರು ಎಲ್ಲಿವರೆಗೆ ನಿಂತಿದೆ ಅಂತ ಜನವರಿಯಿಂದ ಮೇವರೆಗೆ ತಿಂಗಳು ತಿಂಗಳು ನೋಡ್ಬಹುದು, ಉಡುಪಿಗೆ ನೀರು ಕೊಡುವ ಸ್ವರ್ಣೆಯ ಬಜೆಯಲ್ಲೂ ಹಾಗೇ. ಕೋಡಿ ಬೆಂಗ್ರೆಯಲ್ಲಿ ಸ್ವರ್ಣ ಸೀತಾ ಎರಡೂ ಕೂಡಿ ಸಮುದ್ರ ಸೇರುವಲ್ಲಿ ಮರಳಿನ ದಿಣ್ಣೆ ಹೇಗೆ ಜಾಗ ಬದಲಿಸ್ತದೆ ಅಂತ ಸ್ಪಷ್ಟ ಕಾಣ್ತದೆ. ಸುಗ್ಗಿ, ಕೊಳಕೆ ಅಂದ್ರೆ ಮಳೆಗಾಲದ ನಂತರದ ಎರಡನೇ, ಮೂರನೇ ಭತ್ತದ ಬೆಳೆ ಯಾವ ಬೈಲಲ್ಲಿ ಮಾಡಿದ್ದಾರೆ, ಯಾವುದು ಹಡಿಲು ಬಿದ್ದಿದೆ ಅಂತ ಜನವರಿ ಚಿತ್ರದಲ್ಲಿ ನೋಡಿದ ಕೂಡಲೇ ಗೊತ್ತಾಗ್ತದೆ.

ಆದ್ರೆ ಒಂದು ಸಮಸ್ಯೆ ಉಂಟು, ಇಲ್ಲಿ ಎಲ್ಲವೂ ಹಸಿರು. ಅಡಿಕೆ, ತೆಂಗು, ರಬ್ಬರ್, ಅಕೇಶಿಯಾ, ಕಾಡು, ಎಲ್ಲದರ ಎನ್‌ಡಿವಿಐ ಮೇಲಿನ ತುದಿಗೆ ಹೋಗಿ ನಿಲ್ತದೆ, ಒಂದು ದಿನದ ಚಿತ್ರದಲ್ಲಿ ಬಿಡಿಸ್ಲಿಕ್ಕೆ ಆಗುದೇ ಇಲ್ಲ. ಅದಕ್ಕೆ ತಿಂಗಳುಗಳನ್ನು ಬಳಸ್ಬೇಕು. ರಬ್ಬರ್ ಚಳಿಗಾಲದಲ್ಲಿ ಎಲೆ ಉದುರಿಸ್ತದೆ, ಡಿಸೆಂಬರ್ ಕೊನೆಯಿಂದ ಫೆಬ್ರವರಿ ಒಳಗೆ, ಆಮೇಲೆ ಚಿಗುರಿ ಮತ್ತೆ ಗಟ್ಟಿ ಹಸಿರಾಗ್ತದೆ. ಅಡಿಕೆ ಹಾಗೆ ಮಾಡುದಿಲ್ಲ. ನವೆಂಬರ್, ಜನವರಿ ಕೊನೆ, ಮಾರ್ಚ್, ಮೂರು ಚಿತ್ರ ಪಕ್ಕಪಕ್ಕ ಇಟ್ರೆ ಬೆಳ್ತಂಗಡಿ, ಸುಳ್ಯ ಕಡೆಯ ರಬ್ಬರ್ ತೋಟಗಳು ತಾವಾಗಿ ಎದ್ದು ಕಾಣ್ತವೆ. ಕೋರೆಗೂ ಇದೇ ಉಪಾಯ. ಬೇಸಿಗೆಯಲ್ಲಿ ಪದವು (ಕೆಂಪು ಕಲ್ಲಿನ ಬೋಳು ಬಯಲು), ಸೈಟಿಗೆ ಜೆಸಿಬಿ ಹಾಕಿದ ಜಾಗ, ಕೋರೆ, ಎಲ್ಲ ಕೆಂಪಾಗಿ ಒಂದೇ ಥರ ಕಾಣ್ತದೆ. ಅಕ್ಟೋಬರಿನ ಒಂದು ತೆರೆದ ದಿನದ ಚಿತ್ರ ಸಿಕ್ಕಿದ್ರೆ ಪದವಿನಲ್ಲಿ ಹುಲ್ಲು ಬಂದು ಹಸಿರಾಗಿರ್ತದೆ, ಕೋರೆ ಮಾತ್ರ ಕೆಂಪಾಗೇ ಉಳೀತದೆ.

ರೋಗ ಗೊತ್ತಾಗ್ತದಾ ಅಂತ ಅಡಿಕೆ ಬೆಳೆಗಾರರು ಯಾವಾಗ್ಲೂ ಕೇಳ್ತಾರೆ. ಕೊಳೆರೋಗ ಗೊತ್ತಾಗುದಿಲ್ಲ, ಅದು ಬರುದು ಮಳೆಗಾಲದಲ್ಲಿ, ಗೊನೆಗೆ, ಸೋಗೆಯ ಕೆಳಗೆ, ಮೇಲಿಂದ ನೋಡುವವನಿಗೆ ಮೂರು ರೀತಿಯಲ್ಲೂ ಅಡ್ಡ. ಹಳದಿ ಎಲೆ ರೋಗ ಎಕರೆಗಟ್ಟಲೆ ಹಬ್ಬಿ ತೋಟ ತೆಳುವಾದ ಮೇಲೆ ಹಸಿರು ಇಳಿದದ್ದು ಕಾಣ್ತದೆ, ಆದ್ರೆ ಅಷ್ಟರಲ್ಲಿ ತೋಟದವರಿಗೆ ಗೊತ್ತಾಗಿ ವರ್ಷ ಆಗಿರ್ತದೆ. ಇದನ್ನು ಮುಚ್ಚಿಟ್ಟು "ನಿಮ್ಮ ತೋಟದ ರೋಗ ಸ್ಯಾಟಲೈಟಲ್ಲಿ ಹೇಳ್ತೇವೆ" ಅಂತ ದುಡ್ಡು ಕೇಳುವವರನ್ನು ನಂಬುವ ಮೊದಲು ಕಳೆದ ವರ್ಷದ ರೋಗ ಬಂದ ಒಂದು ತೋಟ, ಬಾರದ ಒಂದು ತೋಟ ಕೊಟ್ಟು ಯಾವುದು ಯಾವುದು ಅಂತ ಕೇಳಿ ನೋಡಿ.

ಇಲ್ಲಿ ನನಗೇ ಆದ ಒಂದು ಪೆಟ್ಟು ಹೇಳ್ಬೇಕು, ಇನ್ನೊಬ್ಬರಿಗೆ ಆಗ್ಬಾರದು. 2021ರ ಮತ್ತು 2023ರ ಚಿತ್ರ ಫೈಲ್ ಇಳಿಸಿ ನಾನೇ ಎನ್‌ಡಿವಿಐ ಲೆಕ್ಕ ಹಾಕಿದೆ, ಇಡೀ ಊರಿನ ತೋಟ ಎರಡು ವರ್ಷದಲ್ಲಿ ಸೊರಗಿದ ಹಾಗೆ ಬಂತು. ಗಾಬರಿಯಾಗಿ ನಾಲ್ಕು ತೋಟಕ್ಕೆ ಹೋಗಿ ನೋಡಿದ್ರೆ ಎಂತದೂ ಆಗಿಲ್ಲ. ಆಮೇಲೆ ಗೊತ್ತಾದದ್ದು, 2022ರ ಜನವರಿ 25ರಿಂದ ಸೆಂಟಿನೆಲ್-2 ಫೈಲುಗಳಲ್ಲಿ ಪ್ರತಿ ಸಂಖ್ಯೆಗೂ 1000 ಸೇರಿಸಿ ಕೊಡ್ಲಿಕ್ಕೆ ಶುರು ಮಾಡಿದ್ದಾರೆ. ಅದನ್ನು ಕಳೆಯದೆ ಲೆಕ್ಕ ಹಾಕಿದ್ರೆ ಹಸಿರು ಕಡಿಮೆ ಬರ್ತದೆ. ಬ್ರೌಸರಲ್ಲೇ ನೋಡಿದ್ರೆ ಈ ತೊಂದರೆ ಇಲ್ಲ, ಗೂಗಲ್ ಅರ್ತ್ ಎಂಜಿನ್‌ನಲ್ಲಿ "ಹಾರ್ಮೊನೈಸ್ಡ್" ಅಂತ ಹೆಸರಿರುವ ಸಂಗ್ರಹ ತೆಗೊಂಡ್ರೂ ಇಲ್ಲ. ಕ್ಯೂಜಿಐಎಸ್ ಅನ್ನುವ ಮ್ಯಾಪ್ ಸಾಫ್ಟ್‌ವೇರಿಗೆ ಫೈಲ್ ಹಾಕಿ ಮಾಡುವವರು ಮಾತ್ರ ನೆನಪಿಟ್ಕೊಳ್ಳಿ.

ಲ್ಯಾಂಡ್‌ಸ್ಯಾಟ್

ಹಿಂದಿನ ಕಾಲ ಬೇಕಾದ್ರೆ ಇದಕ್ಕೆ ಸಾಟಿ ಇಲ್ಲ. 1972ರಿಂದ ಉಂಟು, 2008ರಿಂದ ಎಲ್ಲ ಫ್ರೀ. ಈಗ ಹಾರುದು 2013ರ ಲ್ಯಾಂಡ್‌ಸ್ಯಾಟ್-8 ಮತ್ತು 2021ರ ಲ್ಯಾಂಡ್‌ಸ್ಯಾಟ್-9, ಎರಡೂ ಸೇರಿ ಎಂಟು ದಿನಕ್ಕೊಮ್ಮೆ. ನೇತ್ರಾವತಿ ಗುರುಪುರ ಹೊಳೆ ಸೇರುವ ಅಳಿವೆಯಲ್ಲಿ ಉಳ್ಳಾಲ ಬೆಂಗ್ರೆ ಎರಡೂ ಬದಿಯ ಮರಳು ಮೂವತ್ತು ವರ್ಷದಲ್ಲಿ ಹೇಗೆ ಬದಲಾಯ್ತು ಅಂತ ನೋಡುದು, ಮಂಗಳೂರು ಹೇಗೆ ಸುರತ್ಕಲ್ ಕಡೆ ಬೆಳೀತು ಅಂತ ನೋಡುದು, ಇಂಥದ್ದಕ್ಕೆ ಸರಿ. ಒಂದು ಗದ್ದೆ, ಒಂದು ಕೋರೆಗೆ ಇದು ಬೇಡ, 22 ಸೆಂಟ್ಸಿನ ಪಿಕ್ಸೆಲ್ ಅಂತ ಮೊದಲೇ ಹೇಳಿದೆ. 2003ರ ಮೇ 31ರ ನಂತರದ ಲ್ಯಾಂಡ್‌ಸ್ಯಾಟ್-7 ಚಿತ್ರದಲ್ಲಿ ಕಪ್ಪು ಪಟ್ಟಿ ಪಟ್ಟಿ ಬಂದಿರ್ತದೆ, ಅದು ನಿಮ್ಮ ಕಂಪ್ಯೂಟರ್ ಹಾಳಾದದ್ದಲ್ಲ, ಆ ಸ್ಯಾಟಲೈಟಿನ ಒಂದು ಭಾಗ ಕೆಟ್ಟದ್ದು.

ಇಸ್ರೋದ್ದು

ಭುವನ್ ಮತ್ತು ಭೂನಿಧಿ, ಎರಡೂ ಇಸ್ರೋದ ಹೈದರಾಬಾದಿನ ದೂರಸಂವೇದಿ ಕೇಂದ್ರ ಎನ್‌ಆರ್‌ಎಸ್‌ಸಿಯವರದ್ದು. ಭುವನ್ ಅಂದ್ರೆ ನೋಡ್ಲಿಕ್ಕೆ, ಭೂನಿಧಿ ಅಂದ್ರೆ ಫೈಲ್ ಇಳಿಸ್ಲಿಕ್ಕೆ. ರಿಸೋರ್ಸ್‌ಸ್ಯಾಟ್-2 ಹೋದದ್ದು 2011ರಲ್ಲಿ, 2ಎ 2016ರಲ್ಲಿ. ಅದರಲ್ಲಿರುವ ಲಿಸ್-4 ಕ್ಯಾಮರಾ 5.8 ಮೀಟರಿನದ್ದು, ಸೆಂಟಿನೆಲ್‌ಗಿಂತ ಚೂಪು. ಭಾರತೀಯ ಬಾಹ್ಯಾಕಾಶ ನೀತಿ 2023ರಲ್ಲಿ 5 ಮೀಟರು ಮತ್ತು ಅದಕ್ಕಿಂತ ಒರಟು ಚಿತ್ರಗಳನ್ನು ಫ್ರೀಯಾಗಿ ಎಲ್ಲರಿಗೂ ಕೊಡ್ಬೇಕು ಅಂತ ಉಂಟು, ಇದು ನಮ್ಮ ದುಡ್ಡಿನ ಸ್ಯಾಟಲೈಟ್, ಬಳಸುವ ಹಕ್ಕು ನಮಗುಂಟು, ದಯವಿಟ್ಟು ಬಳಸಿ.

ಲಿಸ್-4ರಲ್ಲಿ ಇರುದು ಹಸಿರು, ಕೆಂಪು, ನಿಯರ್ ಇನ್‌ಫ್ರಾರೆಡ್ ಮೂರೇ, ನೀಲಿ ಇಲ್ಲ, ಹಾಗಾಗಿ ಕಣ್ಣಿಗೆ ಕಂಡ ಹಾಗಿನ ಬಣ್ಣದ ಚಿತ್ರ ಬರುದಿಲ್ಲ, ಗಿಡ ಎಲ್ಲ ಕೆಂಪಾಗಿ ಕಾಣ್ತದೆ. ಅಭ್ಯಾಸ ಇಲ್ಲದವರಿಗೆ ತೋರಿಸಿದ್ರೆ "ಇದೆಂತ ಎಲ್ಲ ಸುಟ್ಟು ಹೋಗಿದೆಯಾ" ಅಂತಾರೆ, ಮೊದಲೇ ವಿವರಿಸಿ. ಮತ್ತೆ ಐದು ದಿನಕ್ಕೊಂದು ಸಿಗುವ ನಂಬಿಕೆ ಇಲ್ಲ, ಯಾವ ದಿನದ್ದು ಉಂಟು ಅಂತ ಹುಡುಕ್ಬೇಕು.

ಆದ್ರೆ ಕಚೇರಿ ಕೆಲಸಕ್ಕೆ ಇದರ ತೂಕ ಬೇರೆ. ಅರ್ಜಿಯಲ್ಲಿ ಭುವನ್‌ನ 1:50,000 ಭೂಬಳಕೆ ನಕ್ಷೆ ತೋರಿಸಿದ್ರೆ ಇದು ಎಲ್ಲಿಂದ ತಂದದ್ದು ಅಂತ ಯಾರೂ ಕೇಳುದಿಲ್ಲ. ಅದರ ಜೊತೆಗೆ ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪಲ್ಲಿ ಸರ್ವೆ ನಂಬರ್ ನೋಡಿ ಹಾಕಿ, ಇಲ್ಲದಿದ್ರೆ ಕೋರೆ ಯಾರ ಜಾಗದಲ್ಲಿ ಉಂಟು ಅನ್ನುವಲ್ಲಿಗೇ ಮಾತು ನಿಂತು ಹೋಗ್ತದೆ. ದಿಶಾಂಕ್ ಗಡಿ ಅಂದಾಜಿಗೆ ಮಾತ್ರ ಆಯ್ತಾ, ಗಡಿ ತಕರಾರು ಇದ್ರೆ ಸರ್ವೆಯರ್ ಬಂದು ಅಳೀಲೇಬೇಕು.

ಮಳೆಗಾಲಕ್ಕೆ ರಾಡಾರ್

ಮೋಡ ದಾಟಿ ನೋಡುದು ಇದೊಂದೇ, ತಾನೇ ಅಲೆ ಕಳಿಸಿ ವಾಪಸ್ ಬಂದದ್ದನ್ನು ಹಿಡಿಯುದರಿಂದ ರಾತ್ರಿಯೂ ಕಾಣ್ತದೆ. ಸೆಂಟಿನೆಲ್-1 ಫ್ರೀ, ಒಂದು ಸ್ಯಾಟಲೈಟ್ 12 ದಿನಕ್ಕೊಮ್ಮೆ ಅದೇ ದಾರಿಗೆ ಬರ್ತದೆ. ಅದರ ಜೋಡಿ 1ಬಿ 2021ರ ಡಿಸೆಂಬರಲ್ಲಿ ಕೆಟ್ಟು ಹೋಯ್ತು, ಅದರ ಜಾಗಕ್ಕೆ 1ಸಿ ಹೋದದ್ದು 2024ರ ಡಿಸೆಂಬರಲ್ಲಿ, ಮಧ್ಯದ ಮೂರು ವರ್ಷ ಚಿತ್ರ ವಿರಳ. ನಿಂತ ನೀರು ರಾಡಾರಲ್ಲಿ ಕಪ್ಪಾಗಿ ಕಾಣ್ತದೆ, ನೆರೆ ಎಲ್ಲಿವರೆಗೆ ಬಂತು ಅಂತ ತೆಗೀಲಿಕ್ಕೆ ಅದೇ ಆಧಾರ.

ಅದರ ಮಿತಿಯನ್ನೂ ಹೇಳ್ತೇನೆ. ನಮ್ಮ ಹೊಳೆಗಳ ನೆರೆ ಬಿಹಾರ, ಅಸ್ಸಾಮಿನ ನೆರೆಯ ಹಾಗಲ್ಲ, ಘಟ್ಟದಿಂದ ಒಮ್ಮೆಲೇ ಇಳಿದು ಬಂದು ಒಂದೆರಡು ದಿನದಲ್ಲಿ ಸಮುದ್ರ ಸೇರ್ತದೆ. 2020ರ ಸೆಪ್ಟೆಂಬರ್ 20ರ ಉಡುಪಿ ನೆರೆ ನೆನಪುಂಟಲ್ಲ, ರಾತ್ರಿ ಬೆಳಗಾಗುದರೊಳಗೆ ಮನೆಗಳಿಗೆ ನೀರು ನುಗ್ಗಿತ್ತು. ಅಂಥ ನೆರೆ ಸ್ಯಾಟಲೈಟ್ ಹಾದು ಹೋಗುವ ದಿನವೇ ಬಂದ್ರೆ ಉಂಟು, ಇಲ್ಲದಿದ್ರೆ ಇಲ್ಲ. ಆಮೇಲೆ ಅಡಿಕೆ ತೋಟದೊಳಗೆ ನಿಂತ ನೀರು ಸೆಂಟಿನೆಲ್-1ಕ್ಕೆ ಕಾಣುದಿಲ್ಲ, ಅದರ ಅಲೆ ಸೋಗೆಯ ಮೇಲೇ ಚದುರಿ ಹೋಗ್ತದೆ. ಘಟ್ಟದ ಇಳಿಜಾರಲ್ಲಿ ಒಂದು ಬದಿ ಮಡಚಿದ ಹಾಗೆ, ಇನ್ನೊಂದು ಬದಿ ನೆರಳು ಬಿದ್ದ ಹಾಗೆ ಬರ್ತದೆ, ಚಾರ್ಮಾಡಿ, ದಿಡುಪೆ ಕಡೆಯ ಗುಡ್ಡ ಜರಿತ ನೋಡ್ಲಿಕ್ಕೆ ಇದೊಂದನ್ನೇ ನಂಬಿದ್ರೆ ಆಗುದಿಲ್ಲ. ಇಸ್ರೋ ನಾಸಾ ಸೇರಿ 2025ರ ಜುಲೈ 30ರಂದು ಹಾರಿಸಿದ ನಿಸಾರ್‌ನಲ್ಲಿ ಉದ್ದ ಅಲೆಯ ಎಲ್-ಬ್ಯಾಂಡ್ ರಾಡಾರ್ ಉಂಟು, ಅದು ಎಲೆ ದಾಟಿ ಒಳಗೆ ಹೋಗ್ತದೆ. ಅಡಿಕೆ ಊರಿನವರು ಅದರ ಮೇಲೆ ಕಣ್ಣಿಟ್ಟಿರಿ.

ರಾಡಾರಿನಿಂದ ನನಗೆ ಅತ್ಯಂತ ಖುಷಿ ಕೊಟ್ಟ ಕೆಲಸ ನೆರೆಯದ್ದಲ್ಲ, ಏಣೇಲು, ಅಂದ್ರೆ ಮಳೆಗಾಲದ ಮೊದಲ ಬೆಳೆಯ ಭತ್ತದ್ದು. ನಾಟಿ ಮಾಡುವಾಗ ಗದ್ದೆಯಲ್ಲಿ ನೀರು ಕಟ್ಟಿರ್ತಾರಲ್ಲ, ಜೂನ್ ಜುಲೈಯಲ್ಲಿ ಆ ಗದ್ದೆ ಕಪ್ಪಾಗ್ತದೆ, ನೇಜಿ ಬೆಳೆದ ಹಾಗೆ ವಾರ ವಾರ ಬಿಳಿಚಿಕೊಳ್ತಾ ಹೋಗ್ತದೆ. ಹಡಿಲು ಗದ್ದೆಯಲ್ಲಿ ಈ ಇಳಿದು ಏರುವ ಗೆರೆ ಇರುದೇ ಇಲ್ಲ. ಮಳೆಗಾಲದ ಭತ್ತ ಎಷ್ಟು ಎಕರೆ ಉಳಿದಿದೆ ಅಂತ ಒಂದು ಗ್ರಾಮದ ಮಟ್ಟದಲ್ಲಿ ಹೇಳ್ಲಿಕ್ಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ. ಕಲೀಲಿಕ್ಕೆ ಮಾತ್ರ ಸಮಯ ಬೇಕು, ಇದು ಫೋಟೋ ಅಲ್ಲ, ಮೊದಲ ಸಲ ನೋಡಿದವರಿಗೆ ಹರಳು ಹರಳು ಕಪ್ಪು ಬಿಳುಪು ಕಾಣ್ತದೆ ಅಷ್ಟೇ.

ಎತ್ತರದ ನಕ್ಷೆ

ಮದಕ ಅಂದ್ರೆ ಮಳೆನೀರು ನಿಲ್ಲಿಸುವ ಕೆರೆ ಎಲ್ಲಿ ತೋಡ್ಬಹುದು, ಇಂಗುಗುಂಡಿ ಎಲ್ಲಿ, ನೀರು ಯಾವ ಬದಿ ಇಳೀತದೆ ಅಂತ ನೋಡುವವರಿಗೆ ಎಸ್‌ಆರ್‌ಟಿಎಂ, ಕೊಪರ್ನಿಕಸ್‌ನ ಜಿಎಲ್‌ಒ-30, ಇಸ್ರೋದ ಕಾರ್ಟೋಡೆಮ್ ಮೂರೂ ಫ್ರೀ, ಮೂರೂ 30 ಮೀಟರಿನದ್ದು. ಎಸ್‌ಆರ್‌ಟಿಎಂ 2000ದ ಫೆಬ್ರವರಿಯಲ್ಲಿ ಅಳೆದದ್ದು, ಜಿಎಲ್‌ಒ ಅದಕ್ಕಿಂತ ಹತ್ತು ಹದಿನೈದು ವರ್ಷ ಹೊಸದು, ನನ್ನ ಆಯ್ಕೆ ಅದೇ. ಆದ್ರೆ ಇವು ಕೊಡುದು ಮರದ ತಲೆ ಸೇರಿದ ಎತ್ತರ, ನೆಲದ್ದಲ್ಲ. ಕಣಿವೆಯಲ್ಲಿ ಹದಿನೈದು ಮೀಟರಿನ ಅಡಿಕೆ ತೋಟ, ಅದರ ಪಕ್ಕ ಬೋಳು ಗದ್ದೆ ಇದ್ರೆ ನಕ್ಷೆಯಲ್ಲಿ ತೋಟದ ಜಾಗ ದಿಬ್ಬದ ಹಾಗೆ ಕಾಣ್ತದೆ, ನೀರು ಉಲ್ಟಾ ಹರೀತದೆ. ಇಡೀ ಹೊಳೆಯ ಜಲಾನಯನಕ್ಕೆ ಬಳಸಿ, ನಿಮ್ಮ ಎರಡು ಎಕರೆಯ ತೋಡಿಗೆ ಲೆವೆಲ್ ಟ್ಯೂಬ್ ಹಿಡಿದು ಅಳೆಯಿರಿ.

ಡ್ರೋನ್

ಮೂರು ನಾಲ್ಕು ಸೆಂಟಿಮೀಟರು ಕೂಡ ಕಾಣ್ತದೆ, ಬೇಕಾದ ದಿನ ಹಾರಿಸ್ಬಹುದು, ಮೋಡದ ಕೆಳಗೇ ಹಾರ್ತದೆ. ಕೋರೆಯಿಂದ ಎಷ್ಟು ಲೋಡ್ ಕಲ್ಲು ಹೋಗಿದೆ ಅಂತ ಘನ ಅಳತೆ ತೆಗೀಲಿಕ್ಕೆ, ಒಂದೊಂದು ಅಡಿಕೆ ಮರ ಎಣಿಸ್ಲಿಕ್ಕೆ, ಕಡಲ ದಂಡೆಯ ಕಲ್ಲು ಎಷ್ಟು ಜಾರಿದೆ ಅಂತ ನೋಡ್ಲಿಕ್ಕೆ ಇದೇ ಬೇಕು. ತೆಗೆದ ಫೋಟೋಗಳನ್ನು ವೆಬ್‌ಒಡಿಎಂ ಅನ್ನುವ ಮುಕ್ತ ಸಾಫ್ಟ್‌ವೇರಲ್ಲಿ ಹೊಲಿದು ಮ್ಯಾಪ್ ಮಾಡ್ಬಹುದು, ಕಂಪ್ಯೂಟರ್ ಸ್ವಲ್ಪ ಗಟ್ಟಿ ಬೇಕು.

ಇನ್ನೊಂದು ಬದಿ, ಒಂದು ಬ್ಯಾಟರಿಗೆ ಇಪ್ಪತ್ತು ಮೂವತ್ತು ನಿಮಿಷ, ಮಧ್ಯಾಹ್ನದ ಮೇಲೆ ಕಡಲಗಾಳಿ, ಗಿಡುಗನ ಕಾಟ, ಮಳೆ ಬಿದ್ರೆ ಹಾರಿಸುವ ಹಾಗಿಲ್ಲ. 2021ರ ಡ್ರೋನ್ ನಿಯಮದ ಪ್ರಕಾರ ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಬೇಡ, ಎರಡು ಕಿಲೋ ಒಳಗಿನದ್ದನ್ನು ವ್ಯಾಪಾರಕ್ಕಲ್ಲದೆ ಹಾರಿಸ್ಲಿಕ್ಕೆ ಪೈಲಟ್ ಲೈಸೆನ್ಸೂ ಬೇಡ. ಆದ್ರೆ ಬಜ್ಪೆ ಏರ್‌ಪೋರ್ಟಿನ ಸುತ್ತಮುತ್ತ ಆ ಮಾತಿಲ್ಲ, ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿ ಉಂಟು ಅಂತ ನೋಡದೆ ಮೇಲೆ ಏರಿಸ್ಬೇಡಿ, ಬಂದರು, ರಿಫೈನರಿ ಇಂಥ ಕಡೆ ಹತ್ರವೂ ಹೋಗ್ಬೇಡಿ. 2022ರ ಫೆಬ್ರವರಿಯಿಂದ ವಿದೇಶದ ಡ್ರೋನ್ ಆಮದಿಗೂ ನಿಷೇಧ ಉಂಟು. ವರ್ಷಕ್ಕೆ ಎರಡು ಸಲದ ಕೆಲಸಕ್ಕೆ ಖರೀದಿ ಮಾಡ್ಬೇಡಿ, ಮದುವೆ ಶೂಟಿಂಗ್ ಮಾಡುವವರಲ್ಲದೆ ಸರ್ವೆ ಮಾಡಿ ಗೊತ್ತಿರುವ ಒಬ್ಬರನ್ನು ಒಂದು ದಿನಕ್ಕೆ ಕರೆಯಿರಿ. ಎರಡೂ ಬೇರೆ ಕೆಲಸ, ಸರ್ವೆಗೆ ಒಂದು ಫೋಟೋದ ಮುಕ್ಕಾಲು ಭಾಗ ಮುಂದಿನದ್ದರಲ್ಲೂ ಬರ್ಬೇಕು.

ದುಡ್ಡು ಕೊಟ್ಟು ತೆಗೊಳ್ಳುವ ಪ್ಲಾನೆಟ್‌ಸ್ಕೋಪ್ ಥರದ್ದು 3 ಮೀಟರಿನದ್ದು, ಹೆಚ್ಚುಕಮ್ಮಿ ದಿನಾ ಸಿಗ್ತದೆ. ಅಕ್ಟೋಬರ್ ನವೆಂಬರಲ್ಲಿ ಮೋಡದ ಮಧ್ಯೆ ಒಂದು ತೆರೆದ ದಿನ ಹಿಡೀಲಿಕ್ಕೆ ಒಳ್ಳೇದು. ಸಂಸ್ಥೆಯ ದುಡ್ಡಿದ್ರೆ ನೋಡಿ, ಒಬ್ಬರ ಜೇಬಿಗೆ ನಾನು ಹೇಳುದಿಲ್ಲ.

ಹಾಗಾದ್ರೆ ಯಾರಿಗೆ ಯಾವುದು

ಮೆಂಬರ್ ಅಕ್ಕನಿಗೆ ನಾನು ಹೇಳಿದ್ದು: ಗೂಗಲ್ ಅರ್ತ್ ಪ್ರೊದಲ್ಲಿ ಸಿಗುವ ಪ್ರತಿ ವರ್ಷದ ಕೋರೆ ಅಂಚು ಎಳೆಯಿರಿ, ನಡುವಿನ ಖಾಲಿ ವರ್ಷಕ್ಕೆ ಸೆಂಟಿನೆಲ್-2ರ ಫೆಬ್ರವರಿ ಚಿತ್ರ ಇಟ್ಟು ಯಾವ ವರ್ಷದಲ್ಲಿ ಹಬ್ಬಿತು ಅಂತ ತೋರಿಸಿ, ದಿಶಾಂಕ್‌ನ ಸರ್ವೆ ನಂಬರ್ ಹಾಕಿ. ಖರ್ಚು ಸೊನ್ನೆ. ಆಳ ಎಷ್ಟು ಅಂತ ವಿವಾದ ಬಂದ್ರೆ ಆಗ ಮಾತ್ರ ಒಂದು ದಿನದ ಡ್ರೋನ್.

ಪ್ರಾಜೆಕ್ಟ್ ಹುಡುಗನಿಗೆ ಲ್ಯಾಂಡ್‌ಸ್ಯಾಟ್ ಹಳೇ ಕಾಲಕ್ಕೆ, ಸೆಂಟಿನೆಲ್-2 ಈಚಿನದ್ದಕ್ಕೆ. ಎರಡೂ ಫೆಬ್ರವರಿಯದ್ದೇ ಇರ್ಬೇಕು ಅಂತ ಎರಡು ಸಲ ಹೇಳಿದೆ. ಮಳೆಗಾಲದಲ್ಲಿ ಮರಳು ಹೋಗಿ ಬೇಸಿಗೆಗೆ ಸ್ವಲ್ಪ ವಾಪಸ್ ಬರ್ತದೆ, ಒಂದು ವರ್ಷದ ಫೆಬ್ರವರಿಗೆ ಇನ್ನೊಂದು ವರ್ಷದ ಅಕ್ಟೋಬರ್ ಹೋಲಿಸಿದ್ರೆ ಇಲ್ಲದ ಕೊರೆತ ಕಾಣ್ತದೆ. ಉಬ್ಬರ ಇಳಿತಕ್ಕೂ ನೀರಿನ ಗೆರೆ ಹತ್ತಿಪ್ಪತ್ತು ಮೀಟರು ಸರೀತದೆ, ಅಂದ್ರೆ ಒಂದೆರಡು ಪಿಕ್ಸೆಲ್ಲಿನ ಬದಲಾವಣೆಯನ್ನು ಕೊರೆತ ಅಂತ ಬರೀಬಾರದು, ಆ ದಿನ ಹನ್ನೊಂದು ಗಂಟೆಗೆ ಉಬ್ಬರ ಎಷ್ಟಿತ್ತು ಅಂತ ಪಟ್ಟಿ ನೋಡಿ ಬರೀಬೇಕು.

ಬ್ರಹ್ಮಾವರದವರಿಗೆ ಬೇಸರ ಆಗಿರ್ಬಹುದು, ಯಾಕಂದ್ರೆ ಸ್ಯಾಟಲೈಟ್ ಬೇಡ ಅಂದೆ. ಒದ್ದೆ ಗದ್ದೆಯಲ್ಲಿ ಉಪ್ಪು ಎಷ್ಟು ಉಂಟು ಅಂತ ಮೇಲಿಂದ ಕಾಣುದಿಲ್ಲ, ಬೆಳೆ ಸೊರಗಿದ್ದು ಕಾಣ್ತದೆ, ಅದಕ್ಕೆ ಕಾರಣ ನೂರಿರ್ಬಹುದು. ನೀರಿನ ಉಪ್ಪು ಅಳೆಯುವ ಒಂದು ಇಸಿ ಮೀಟರ್ ತೆಗೊಂಡು ಜನವರಿಯಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ ಗದ್ದೆ, ಬಾವಿ, ಹೊಳೆಯ ನೀರು ಅಳೆದು ಮೊಬೈಲಲ್ಲಿ ಆ ಜಾಗದ ಲೊಕೇಶನ್ ಸಮೇತ ಬರೆದಿಟ್ರೆ ಅದುವೇ ಮ್ಯಾಪ್. ಮಣ್ಣಿನ ವಿಷಯ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಕಿಂಡಿ ಅಣೆಕಟ್ಟಿನ ಹಲಗೆ ಯಾವಾಗ ಹಾಕಿದ್ರು, ನೀರು ಎಷ್ಟು ನಿಂತಿತು ಅನ್ನುದಕ್ಕೆ ಸೆಂಟಿನೆಲ್-2 ಪಕ್ಕದಲ್ಲಿ ಇಟ್ಕೊಳ್ಳಿ. ಬೋರ್ ಪಾಯಿಂಟ್ ಕೇಳುವವರಿಗೂ ನಾನು ಇದೇ ಥರ ಹೇಳುದು, ನಿಮ್ಮ ಬಾವಿಯ ನೀರು ಮೇಲಿಂದ ಕಾಣುದಿಲ್ಲ.

ಮೀನಿಗೆ ಹೋಗುವವರಿಗೆ ಇದ್ಯಾವುದೂ ಬೇಡ, ಹೈದರಾಬಾದಿನ ಇನ್‌ಕಾಯ್ಸ್‌ನವರು ಸಮುದ್ರದ ಬಿಸಿ ಮತ್ತು ಕ್ಲೋರೊಫಿಲ್ ನೋಡಿ ಮೀನು ಸಿಗಬಹುದಾದ ಜಾಗದ ಸೂಚನೆ ಫ್ರೀಯಾಗಿ ಕೊಡ್ತಾರೆ.

ಕಾಡಿನ ಲೆಕ್ಕ ಹಾಕುವವರಿಗೆ ಒಂದೇ ಎಚ್ಚರಿಕೆ, ಗ್ಲೋಬಲ್ ಫಾರೆಸ್ಟ್ ವಾಚ್ ಅನ್ನುವ ವೆಬ್‌ಸೈಟಿನ ನಕ್ಷೆಯಲ್ಲಿ ಕೆಂಪಾಗಿ ಬಂದದ್ದೆಲ್ಲ ಕಾಡು ಕಡಿದದ್ದಲ್ಲ, ಹಳೇ ರಬ್ಬರ್ ತೆಗೆದು ಹೊಸದು ನೆಟ್ರೂ ಹಾಗೇ ತೋರಿಸ್ತದೆ. ಸುಳ್ಯ, ಕಡಬ ಕಡೆ ಅದನ್ನೇ ನಂಬಿ ಯಾರ ಮೇಲೂ ದೂರು ಬರೀಬೇಡಿ, ಜಾಗಕ್ಕೆ ಹೋಗಿ ನೋಡಿ ಬರೆಯಿರಿ.

ಪುತ್ತೂರಿನ ಮಾವ ಡ್ರೋನ್ ತೆಗೊಳ್ಳಲಿಲ್ಲ. ಡಿಸೆಂಬರ್ ಹದಿನೈದರ ನಂತರದ ಮೊದಲ ಮೋಡ ಇಲ್ಲದ ದಿನ ಮತ್ತು ಏಪ್ರಿಲ್ ಮೊದಲ ವಾರ, ಎರಡು ತಾರೀಕಿನ ಎನ್‌ಡಿವಿಐ ಬ್ರೌಸರಲ್ಲಿ ಪಕ್ಕಪಕ್ಕ ಇಟ್ಟು ನೋಡ್ಲಿಕ್ಕೆ ಅವರ ಮಗಳಿಗೆ ತೋರಿಸಿ ಕೊಟ್ಟೆ, ಕಳೆದ ನಾಲ್ಕು ವರ್ಷದ್ದೂ ನೋಡಿದ್ರು. ತೋಟದ ಪಡುಬದಿಯ ಮೇಲಿನ ಮೂಲೆಯ ಹಸಿರು ನಾಲ್ಕು ವರ್ಷವೂ ಏಪ್ರಿಲಲ್ಲಿ ಬೇಗ ಇಳೀತದೆ. ಈ ವರ್ಷ ಆ ಬದಿಯ ಸ್ಪ್ರಿಂಕ್ಲರ್ ಪೈಪನ್ನು ಬಿಚ್ಚಿ ನೋಡ್ತಾರಂತೆ.